ವಫ್ರಾದ ಉಪ್ಪು ನೀರು ಮತ್ತು ಅರವತ್ತನಾಲ್ಕು ಪ್ರಶ್ನೆಗಳು

ಮಾರ್ಚ್ 3, 2013, ಭಾನುವಾರ

ಈ ಡೈರಿ ಜನವರಿಯಿಂದ ಆಫೀಸಿನ ಡ್ರಾಯರಿನಲ್ಲಿ ಬಿದ್ದಿತ್ತು. ಚರ್ಮದ ಹೊದಿಕೆ, ಮೂಲೆಯಲ್ಲಿ ನಮ್ಮ ಕಚೇರಿಯ ಚಿನ್ನದ ಬಣ್ಣದ ಮುದ್ರೆ. ಗಣ್ಯರಿಗೆ ಹಂಚಲೆಂದು ಇನ್ನೂರು ಮಾಡಿಸಿದ್ದೆವು, ಹನ್ನೊಂದು ಮಂದಿ ಗಣ್ಯರು ಸಿಕ್ಕಿದರು. ಉಳಿದವುಗಳಲ್ಲಿ ಒಂದನ್ನು ಇವತ್ತು ಮನೆಗೆ ತಂದೆ. ಕನ್ನಡದಲ್ಲಿ ಬರೆಯುತ್ತೇನೆ. ಮಗಳು ಬ್ರೆಂಡಾಗೆ ಕನ್ನಡ ಓದಲು ಬರುವುದಿಲ್ಲ, ನನ್ನ ಸಾಹೇಬರಿಗೂ ಬರುವುದಿಲ್ಲ. ಗಂಡ ಕೊನ್ರಾಡನಿಗೆ ಬರುತ್ತದೆ, ಆದರೆ ಕ್ರಿಕೆಟ್ ಅಂಕಿಗಳಿಲ್ಲದ ಯಾವುದನ್ನೂ ಅವನು ಓದುವವನಲ್ಲ.

ಬರೆಯಲು ಕಾರಣವೂ ಇದೆ. ಇವತ್ತು ಬ್ರಸೆಲ್ಸಿನಿಂದ ಪತ್ರ ಬಂತು. ನಮ್ಮದು ಯುರೋಪಿನ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಸ್ಪರ್ಧಾಶಕ್ತಿ ಸಂವರ್ಧನಾ ಕಚೇರಿ. ಕುವೈತ್ ನಗರದ ಶರ್ಕ್ ಬಡಾವಣೆಯ ಈ ಗೋಪುರದಲ್ಲಿ ನಮ್ಮ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಲಿಫ್ಟು ಹದಿನಾಲ್ಕನೇ ಮಹಡಿ ಮುಟ್ಟಿರುತ್ತದೆ. ದೊಡ್ಡ ಕಂಪನಿಗಳು ತಮ್ಮ ಮಾರುಕಟ್ಟೆಯನ್ನು ತಾವೇ ಹುಡುಕಿಕೊಳ್ಳುತ್ತವೆ, ಹತ್ತಿಪ್ಪತ್ತು ಜನರ ಕಾರ್ಖಾನೆಗಳಿಗೆ ಯಾರಾದರೂ ದಾರಿ ತೋರಿಸಬೇಕು ಎಂಬುದು ಅಲ್ಲಿನ ಸರಕಾರಗಳ ನೀತಿ. ಒಳ್ಳೆಯ ನೀತಿ. ಆರು ವರ್ಷಗಳಲ್ಲಿ ಇನ್ನೂರ ಹನ್ನೆರಡು ಕಾರ್ಖಾನೆಗಳಿಗೆ ದಾರಿ ತೋರಿಸಿದ್ದೇವೆ. ಅವುಗಳಲ್ಲಿ ಎಷ್ಟು ಕಾರ್ಖಾನೆಗಳು ಕುವೈತಿನಲ್ಲಿ ಏನನ್ನಾದರೂ ಮಾರಿವೆ ಎಂದು ಪತ್ರ ಕೇಳಿದೆ. ವರದಿಗಳನ್ನೆಲ್ಲ ಟೈಪ್ ಮಾಡಿದವಳು ನಾನು. ಉತ್ತರ ನನಗೆ ಗೊತ್ತು. ಸೊನ್ನೆ.

ಜೂನ್ ಕೊನೆಗೆ ಪರಿಶೀಲನೆ. ಒಂದಾದರೂ ಕಾರ್ಖಾನೆಯ ಸರಕು ಇಲ್ಲಿ ಮಾರಾಟವಾಗದಿದ್ದರೆ ಕಚೇರಿ ಮುಚ್ಚುತ್ತದೆ. ನನ್ನ ಇಕಾಮಾ, ಅಂದರೆ ಈ ದೇಶದಲ್ಲಿ ವಾಸಿಸುವ ಪರವಾನಗಿ, ಇರುವುದು ಈ ಕಚೇರಿಯ ಹೆಸರಿನಲ್ಲಿ. ಬ್ರೆಂಡಾಗೆ ಇನ್ನೊಂದು ವರ್ಷದ ಶಾಲೆ ಬಾಕಿ ಇದೆ.

ನಿರ್ದೇಶಕರಾದ ಡೆವೋಸ್ ಸಾಹೇಬರು ನನ್ನನ್ನು ಕರೆದು, "ಮೇಬಲ್, ನಿಮಗೇನನ್ನಿಸುತ್ತದೆ?" ಎಂದು ಕೇಳಿದರು. ಬೆಲ್ಜಿಯಂನವರು, ಒಳ್ಳೆಯ ಮನುಷ್ಯ, ಆದರೆ ಆರು ವರ್ಷಗಳಲ್ಲಿ ಈ ಪ್ರಶ್ನೆ ಕೇಳಿದ್ದು ಇದೇ ಮೊದಲು. "ನಾನು ಬರೀ ಸೆಕ್ರೆಟರಿ, ಸರ್," ಎಂದೆ. ಅವರಿಗೆ ಸಮಾಧಾನವಾದಂತೆ ಕಂಡಿತು.

ಮಾರ್ಚ್ 6, ಬುಧವಾರ

ಯಾವ ಕಾರ್ಖಾನೆಯನ್ನು ಕರೆಸುವುದು ಎಂದು ತೀರ್ಮಾನಿಸಲು ಸಾಹೇಬರ ಬಳಿ ಒಂದು ಅರ್ಜಿ ನಮೂನೆ ಇದೆ. ಅರವತ್ತನಾಲ್ಕು ಪ್ರಶ್ನೆಗಳು. ನಿಮ್ಮ ದೂರದರ್ಶಿತ್ವವನ್ನು ಒಂದರಿಂದ ಐದರವರೆಗೆ ಅಳೆಯಿರಿ, ಇತ್ಯಾದಿ. ಉತ್ತರಗಳನ್ನು ಕಂಪ್ಯೂಟರಿಗೆ ತುಂಬಿದರೆ ನೂರಕ್ಕೆ ಇಷ್ಟು ಸ್ಪರ್ಧಾಶಕ್ತಿ ಎಂದು ಅದು ಹೇಳುತ್ತದೆ.

ಮೊದಲ ಸ್ಥಾನ, ತೊಂಬತ್ತೊಂದು ಅಂಕ: ಫಿನ್‌ಲ್ಯಾಂಡಿನ ಸೌನಾ ಒಲೆ. ಮುಚ್ಚಿದ ಕೋಣೆಯಲ್ಲಿ ಬಿಸಿಗೆ ಬೆವರುತ್ತ ಕೂರಲು ಬಳಸುವಂಥದ್ದು. ಕುವೈತಿನಲ್ಲಿ ಅದಕ್ಕಾಗಿ ಜುಲೈಯಲ್ಲಿ ಕಾರಿನೊಳಗೆ ಕೂತರೆ ಸಾಕು. ಎರಡನೆಯದು ಆಸ್ಟ್ರಿಯಾದ ಉಣ್ಣೆಯ ಕೈಗವಸು. ಕೊನೆಯ ಸ್ಥಾನ, ಮೂವತ್ತೊಂದು ಅಂಕ: ಪೋರ್ಚುಗಲ್ಲಿನ ಒಂದು ಹಿತ್ತಾಳೆ ನಾಝಲ್ ಕಾರ್ಖಾನೆ. ಹಸಿರುಮನೆಗಳಲ್ಲಿ ಮಂಜಿನಂತೆ ನೀರು ಚಿಮುಕಿಸಿ ತಂಪು ಮಾಡುವ ಬೆರಳುದ್ದದ ವಸ್ತು. ಅಂಕ ಕಡಿಮೆಯಾಗಲು ಕಾರಣ, ಮಾಲಕಿ ಅರ್ಧಕ್ಕರ್ಧ ಪ್ರಶ್ನೆಗಳನ್ನು ಖಾಲಿ ಬಿಟ್ಟಿದ್ದಾರೆ. ದೂರದರ್ಶಿತ್ವದ ಮುಂದೆ, "ಗೊತ್ತಿಲ್ಲ, ಆರ್ಡರು ಬಂದರೆ ಹೇಳುತ್ತೇನೆ," ಎಂದು ಬರೆದಿದ್ದಾರೆ.

ಸಾಹೇಬರು ಸೌನಾ ಎಂದರು. ನಾನು ಟಿಕೆಟ್ ಮಾಡಿಸಿದೆ.

ಮಾರ್ಚ್ 21, ಗುರುವಾರ

ಸೌನಾದವರು ಬಂದು ಹೋದರು. ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟೊಡನೆ ಅವರಿಗೇ ಅರ್ಥವಾಯಿತು.

ಏಪ್ರಿಲ್ 7, ಭಾನುವಾರ

ಕೈಗವಸಿನವರು ಟಿಕೆಟ್ಟನ್ನು ಮರಳಿಸಿದ್ದರಿಂದ ಇವತ್ತು ಪೋರ್ಚುಗಲ್ಲಿನ ಲುರ್ಡೆಸ್ ಟಾವರಿಸ್ ಬಂದರು. ಐವತ್ತರ ಆಸುಪಾಸಿನ ಹೆಂಗಸು. ಕೈಚೀಲದ ತುಂಬ ನಾಝಲುಗಳು. ಸಾಹೇಬರು "ಸಣ್ಣ ಉದ್ದಿಮೆಗಳಲ್ಲಿ ವಿಶ್ವಾಸ" ಎಂಬ ಸಮ್ಮೇಳನಕ್ಕೆ ದುಬೈಗೆ ಹೋಗಿರುವುದರಿಂದ ಆಕೆಯನ್ನು ನೋಡಿಕೊಳ್ಳುವ ಕೆಲಸ ನನಗೆ ಬಂತು. ಹೊರಡುವಾಗ ತೃಪ್ತಿ ಸಮೀಕ್ಷೆಯ ಕಾಗದ ತುಂಬಿಸಿಕೊಳ್ಳಲು ಮರೆಯಬೇಡಿ ಎಂದಿದ್ದಾರೆ.

ನನ್ನ ಹೆಸರಿನ ಫಲಕ ನೋಡಿ ಆಕೆ ಕೇಳಿದರು, "ಕ್ರಾಸ್ತಾ? ನನ್ನ ಅಮ್ಮನ ಕಡೆಯವರು ಕ್ರಾಸ್ತೊ. ನಿಮ್ಮ ಮನೆಯಲ್ಲಿ ಯಾರು ಪೋರ್ಚುಗಲ್ಲಿನಿಂದ ಬಂದವರು?"

"ಯಾರೂ ಇಲ್ಲ. ಹೆಸರು ಮಾತ್ರ ಬಂತು. ನಾನ್ನೂರು ವರ್ಷವಾಗಿರಬೇಕು."

"ಹಾಗಾದರೆ ರಫ್ತಿನಲ್ಲಿ ನಮಗೆ ಅನುಭವ ಇದೆ ಅಂತಾಯಿತು," ಎಂದು ನಕ್ಕರು.

ಆಕೆಯ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೆ ಮೇಜು, ಚಾವಿ, ಬಟಾಟೆ ಎಂದರೆ ಆಕೆಗೆ ತಿಳಿಯುತ್ತದೆ, ಅಲ್ಲೂ ಹೆಚ್ಚುಕಡಿಮೆ ಅವೇ ಶಬ್ದಗಳಂತೆ. ಊಟದ ಹೊತ್ತಿಗೆ ಕೈಸನ್ನೆ ಸೇರಿಸಿ ಕಾರ್ಖಾನೆಯ ಸಂಗತಿಯನ್ನೆಲ್ಲ ಹೇಳಿದರು. ಅಲ್ಲಿ ಆರ್ಥಿಕತೆ ಕುಸಿದು ಮೂರು ವರ್ಷವಾಗಿದೆ. ಹನ್ನೊಂದು ಕೆಲಸಗಾರರು, ಅವರಲ್ಲಿ ನಾಲ್ವರು ಸಂಬಂಧಿಕರು. "ಅವರನ್ನು ತೆಗೆದರೆ ಕ್ರಿಸ್ಮಸ್ ಊಟಕ್ಕೆ ಯಾರೂ ಬರುವುದಿಲ್ಲ. ತೆಗೆಯದಿದ್ದರೆ ಊಟವೇ ಇರುವುದಿಲ್ಲ." ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ನಮ್ಮ ಪಟ್ಟಿಯಲ್ಲಿದ್ದ ದೊಡ್ಡ ವ್ಯಾಪಾರಿಗಳು ಯಾರೂ ಫೋನಿಗೆ ಸಿಗಲಿಲ್ಲ. ಕಡೆಗೆ ದಾರಿ ಹೇಳಿದವನು ಡ್ರೈವರ್ ಸೈದು. ಉಳ್ಳಾಲದವನು, ಇಪ್ಪತ್ತೈದು ವರ್ಷದಿಂದ ಇಲ್ಲಿದ್ದಾನೆ. "ಬಾಯಮ್ಮ, ಪಟ್ಟಿ ಒಳಗಿಡಿ. ವಫ್ರಾದಲ್ಲಿ ಅಬು ಫಹದ್ ಅಂತ ಒಬ್ಬ ಮುದುಕ ಅರಬಿಯ ತೋಟ ಉಂಟು. ಹದಿನಾಲ್ಕು ಹಸಿರುಮನೆ. ಅಲ್ಲಿ ಪಂಪು ನೋಡಿಕೊಳ್ಳುವವ ನಿಮ್ಮ ಕನ್ನಡದವನೇ. ಶುಕ್ರವಾರ ಶುಕ್ರವಾರ ನನಗೆ ಮುಳ್ಳುಸೌತೆ ಕೊಡ್ತಾನೆ."

ಏಪ್ರಿಲ್ 9, ಮಂಗಳವಾರ

ವಫ್ರಾಕ್ಕೆ ಹೋಗಿ ಬಂದೆವು. ಇಷ್ಟು ವರ್ಷ ಕುವೈತಿನಲ್ಲಿದ್ದು ನಾನು ಆ ಕಡೆ ಹೋದದ್ದೇ ಇಲ್ಲ. ಒಂದೂವರೆ ಗಂಟೆ ಬರೀ ಮರಳು, ಆಮೇಲೆ ಇದ್ದಕ್ಕಿದ್ದಂತೆ ಬಿಳಿ ಪ್ಲಾಸ್ಟಿಕ್ಕಿನ ಉದ್ದುದ್ದ ಮನೆಗಳು, ಒಳಗೆ ಹಸಿರು.

ಪಂಪಿನವರ ಹೆಸರು ರಾಯಪ್ಪ. ಬಾದಾಮಿ ತಾಲೂಕಿನವರು. ಎತ್ತರದ ಆಳು, ಹೆಗಲ ಮೇಲೊಂದು ಒದ್ದೆ ಟವೆಲು. ನಾನು ಕನ್ನಡದಲ್ಲಿ ನಮಸ್ಕಾರ ಎಂದೊಡನೆ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟರು.

"ಅಕ್ಕಾರ, ಕನ್ನಡ ಮಾತಾಡೋ ಆಫೀಸಿನ್ಯಾವ್ರು ಈ ತ್ವಾಟಕ್ಕ ಬಂದಿದ್ದು ಇದ ಮೊದಲ ನೋಡ್ರಿ. ಚಾ ಕುಡದ ಮಾತಾಡೂಣು."

ಅಬು ಫಹದ್ ಮುದುಕರು, ನಿಧಾನ ಸ್ವಭಾವದವರು. ಅರಬಿ, ಹಿಂದಿ ಬೆರೆಸಿ ಮಾತಾಡುತ್ತಾರೆ. ಈಗ ಅವರ ಬಳಿ ಇರುವುದು ಯಾವುದೋ ದೊಡ್ಡ ಕಂಪನಿಯ ನಾಝಲು. ತಿಂಗಳಿಗೊಮ್ಮೆ ಅವುಗಳ ಬಾಯಿ ಕಟ್ಟಿಕೊಳ್ಳುತ್ತದೆ, ಎಸೆಯಬೇಕಾಗುತ್ತದೆ. ಲುರ್ಡೆಸ್ ಅವರ ನಾಝಲು ಅರ್ಧ ನೀರಿನಲ್ಲಿ ಅಷ್ಟೇ ತಂಪು ಕೊಡುತ್ತದೆ ಎಂದು ನಾನು ವಿವರಿಸಿದೆ. ಆಕೆ ಪೋರ್ಚುಗೀಸಿನಂಥ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ರಾಯಪ್ಪನವರಿಗೆ ಕನ್ನಡದಲ್ಲಿ, ಅವರು ಮುದುಕರಿಗೆ ಹಿಂದಿಯಲ್ಲಿ ಹೇಳಿದರು. ಅಷ್ಟು ದೂರ ನಡೆದು ಬಂದ ಮಾತಿಗೆ ಅಬು ಫಹದ್ ನಡೆಯಲಿ ಎಂಬರ್ಥದ ಒಂದೇ ಶಬ್ದದ ಅರಬಿ ಉತ್ತರ ಕೊಟ್ಟರು. "ಯಲ್ಲಾ."

ಒಂದು ಸಾಲಿಗೆ ನಲವತ್ತು ನಾಝಲು ಹಾಕಿದರು. ನೀರು ಬಿಟ್ಟಾಗ ಎಲ್ಲೂ ಹನಿ ಬೀಳಲಿಲ್ಲ, ಬೆಳ್ಳಗೆ ಹೊಗೆಯಂತೆ ಹರಡಿತು. ನನ್ನ ಕನ್ನಡಕ ಮಂಜಾಯಿತು. ಲುರ್ಡೆಸ್ ನನ್ನ ತೋಳು ಹಿಡಿದುಕೊಂಡಿದ್ದರು, ಅದು ಅವರಿಗೇ ಗೊತ್ತಿರಲಿಲ್ಲ.

ರಾಯಪ್ಪ ಮಾತ್ರ ಒಂದು ನಾಝಲನ್ನು ಅತ್ತಿತ್ತ ತಿರುಗಿಸಿ ನೋಡುತ್ತಿದ್ದರು. "ಮಾಲು ಛಲೋ ಐತ್ರಿ ಅಕ್ಕಾರ. ಆದ್ರ ಇಲ್ಲಿ ಬಾವಿ ನೀರು ಅಂದ್ರ ನೀರಲ್ರೀ, ಉಪ್ಪಿನ ಸಾರು. ನೋಡೂಣು."

ಈ ಮಾತನ್ನು ಲುರ್ಡೆಸ್ ಅವರಿಗೆ ಹೇಳಲಿಲ್ಲ. ನಾಳೆ ವಿಮಾನ ಹತ್ತುವವರು. ಅಭಿಪ್ರಾಯ ಹೇಳುವುದು ನನ್ನ ಕೆಲಸವೂ ಅಲ್ಲ.

ತೃಪ್ತಿ ಸಮೀಕ್ಷೆ ತುಂಬಿಸಿಕೊಂಡೆ. ನೂರಕ್ಕೆ ನೂರು.

ಏಪ್ರಿಲ್ 17, ಬುಧವಾರ

ರಾಯಪ್ಪ ಫೋನು ಮಾಡಿದ್ದರು. ನಲವತ್ತರಲ್ಲಿ ಮೂವತ್ತಮೂರು ಕಟ್ಟಿಕೊಂಡಿವೆ. ಒಂದು ಸಾಲು ಸಸಿ ಬಾಡಿದೆ. ಅಬು ಫಹದ್ "ಖಲಾಸ್" ಎಂದರಂತೆ.

ಸಾಹೇಬರಿಗೆ ತಿಳಿಸಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಕಲಿತ ಪಾಠಗಳು" ಎಂಬ ತಲೆಬರಹದಲ್ಲಿ ಎರಡು ಪುಟ ಬರೆದು ಕಡತ ಮುಚ್ಚಲು ಹೇಳಿದರು. ಏನು ಪಾಠ ಎಂದು ಕೇಳಿದ್ದಕ್ಕೆ, ಹಿಂದಿನ ವರ್ಷದ ಕಡತದಲ್ಲಿ ಇದೆ, ಅದನ್ನೇ ಹಾಕಿ ಎಂದರು.

ಆ ಉಪ್ಪಿನ ಮಾತನ್ನು ಅವತ್ತೇ ಲುರ್ಡೆಸ್ ಅವರಿಗೆ ಹೇಳಬೇಕಿತ್ತು. ಮಧ್ಯಾಹ್ನದಿಂದ ಇದೊಂದೇ ತಲೆಯಲ್ಲಿದೆ. ಕೊನ್ರಾಡ್ ಅಡುಗೆಮನೆಗೆ ಬಂದು, "ಮಾರಾಯ್ತಿ, ಆ ಬೆಂಡೆಕಾಯಿ ನಿಂಗೆ ಎಂತ ಮಾಡಿದೆ?" ಎಂದ. ನೋಡಿದರೆ ಪುಡಿಪುಡಿ ಮಾಡಿದ್ದೆ.

ಏಪ್ರಿಲ್ 19, ಶುಕ್ರವಾರ

ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಸುಮ್ಮನೆ ಮನೆಗೆ ಹೋಗುವುದು ಬಿಟ್ಟು ವಫ್ರಾಕ್ಕೆ ಹೋದೆವು. ಕಟ್ಟಿಕೊಂಡ ನಾಝಲುಗಳನ್ನು ತರುವುದಕ್ಕೆ ಅಷ್ಟೆ. ಕಚೇರಿಯ ಲೆಕ್ಕದ ವಸ್ತು, ಅಲ್ಲಿ ಬಿಡುವ ಹಾಗಿಲ್ಲ. ಕೊನ್ರಾಡನೂ ಬಂದ. ಬ್ರೆಂಡಾಳನ್ನೂ ಎಳೆದುಕೊಂಡು ಹೋದೆ; "ವೈ, ಮಮ್ಮಾ?" ಎಂಬುದರ ಹೊರತು ದಾರಿಯುದ್ದಕ್ಕೂ ಅವಳು ಏನೂ ಮಾತಾಡಲಿಲ್ಲ.

ರಾಯಪ್ಪ ಗೋಣಿತಾಟಿನ ಮೇಲೆ ಮೂವತ್ತಮೂರು ನಾಝಲುಗಳನ್ನೂ ಸಾಲಾಗಿ ಇಟ್ಟಿದ್ದರು. ಬಾಯಲ್ಲಿ ಬಿಳಿ ಉಪ್ಪು ಹೆಪ್ಪುಗಟ್ಟಿತ್ತು.

"ತಪ್ಪು ನಾಝಲಿಂದಲ್ರೀ. ಯಾವದ ಹಾಕ್ರಿ, ಈ ನೀರಿಗೆ ಕಟ್ಟೂದ. ಕಟ್ಟಿದ ಮ್ಯಾಲ ಬಿಚ್ಚಿ ತೊಳ್ಯಾಕ ಬರಬೇಕು. ಇದನ್ನ ಬಿಚ್ಚಾಕ ಎರಡು ಸ್ಪ್ಯಾನರ್ ಬೇಕು. ಏಣಿ ಮ್ಯಾಲ ನಿಂತು, ಒಂದ ಕೈಯಾಗ ಪೈಪ ಹಿಡದು, ಎರಡು ಸ್ಪ್ಯಾನರ್ ಎಲ್ಲಿ ಹಿಡೀಲ್ರಿ, ಹಲ್ಲಾಗ?"

"ಹೇಗಿದ್ದರೆ ಆಗುತ್ತಿತ್ತು, ರಾಯಪ್ಪನವರೇ?"

ಅವರು ಒಂದು ನಾಝಲನ್ನು ಕೈಗೆತ್ತಿಕೊಂಡರು. ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಕ್ಕಿಲ್ಲ. ಆಮೇಲೆ ಹೇಳತೊಡಗಿದರು. ಮುಚ್ಚಳ ಇನ್ನಷ್ಟು ಅಗಲವಿರಬೇಕು, ಅಂಚಿನಲ್ಲಿ ಗೀರುಗಳಿರಬೇಕು, ಕೈಗವಸು ಹಾಕಿದ ಬೆರಳಿನಿಂದಲೇ ತಿರುಗಬೇಕು. ಒಳಗಿನ ಜಾಲರಿ ಅಂಗೈಗೆ ಉದುರಬೇಕು. ವಾಶರು ಮಾತ್ರ ಉದುರಬಾರದು, ಮರಳಿನಲ್ಲಿ ಬಿದ್ದರೆ ದೇವರಿಗೂ ಸಿಗುವುದಿಲ್ಲ. ಎರಡೆರಡು ಜೊತೆ ಜಾಲರಿ ಬೇಕು, ಒಂದು ಕೆಲಸ ಮಾಡುವಾಗ ಇನ್ನೊಂದು ಸಿರ್ಕಾದಲ್ಲಿ ನೆನೆಯುತ್ತಿರಬೇಕು.

ಸಿರ್ಕಾ ಎಂದರೆ ನಮ್ಮ ಶಿರ್ಕೊ, ವಿನೆಗರ್. ಊರಿನಿಂದ ತಂದ ಎರಡು ಬಾಟಲಿ ಮನೆಯಲ್ಲಿ ಹಾಗೇ ಇದೆ. ಈ ದೇಶದಲ್ಲಿ ಹಂದಿ ಮಾಂಸ ಸಿಗದೆ ಅದು ನಿರುದ್ಯೋಗಿಯಾಗಿದೆ.

ನನ್ನ ಚೀಲದಲ್ಲಿದ್ದ ಅರವತ್ತನಾಲ್ಕು ಪ್ರಶ್ನೆಗಳ ನಮೂನೆಯ ಹಿಂಬದಿಯಲ್ಲಿ ಎಲ್ಲವನ್ನೂ ಬರೆದುಕೊಂಡೆ. ಚಿತ್ರ ಬರೆಯಲು ನನಗೆ ಬರುವುದಿಲ್ಲ. ಬ್ರೆಂಡಾ ನೋಡಿ ನೋಡಿ ಸಾಕಾಗಿ ಪೆನ್ನು ಕಸಿದುಕೊಂಡು, ರಾಯಪ್ಪನವರ ಪಕ್ಕದಲ್ಲಿ ಕೂತು ಮೂರು ಕಡೆಯಿಂದಲೂ ಕಾಣುವ ಹಾಗೆ ಬರೆದಳು. ಅವರು ಕನ್ನಡದಲ್ಲಿ ಹೇಳುವುದು, ಇವಳು ಇಂಗ್ಲಿಷಿನಲ್ಲಿ ಉತ್ತರಿಸುವುದು. ಇಬ್ಬರಿಗೂ ತೊಡಕಾದಂತೆ ಕಾಣಲಿಲ್ಲ.

ಕೊನ್ರಾಡ್ ಒಂದು ಬಾಟಲಿ ಬಾವಿ ನೀರು ತುಂಬಿಕೊಂಡಿದ್ದಾನೆ. ಇವನ ಕೆಲಸ ಆಸ್ಪತ್ರೆಯ ಲ್ಯಾಬಿನಲ್ಲಿ, ಇವನ ಗೆಳೆಯನೊಬ್ಬ ನೀರು ಪರೀಕ್ಷೆ ಮಾಡುವ ಕಡೆ ಇದ್ದಾನಂತೆ.

ಏಪ್ರಿಲ್ 22, ಸೋಮವಾರ

ನೀರಿನ ವರದಿ ಬಂತು. ಕೊನ್ರಾಡ್ ತನ್ನ ಅಭ್ಯಾಸದಂತೆ ಪ್ರತಿಯೊಂದು ಅಂಕಿಯ ಪಕ್ಕದಲ್ಲಿ ಸಾಮಾನ್ಯ ಮಟ್ಟ ಎಷ್ಟು ಎಂದು ಬರೆದು, ಕೆಳಗೆ "ದಯವಿಟ್ಟು ವೈದ್ಯರನ್ನು ಕಾಣಿ" ಎಂದು ಸೇರಿಸಿದ್ದಾನೆ. ಆ ಸಾಲನ್ನು ಅಳಿಸಿ ಲುರ್ಡೆಸ್ ಅವರಿಗೆ ಚಿತ್ರದೊಂದಿಗೆ ಕಳಿಸಿದೆ. ಕಳಿಸುವ ಮೊದಲು ಫೋನು ಮಾಡಿ ಎಲ್ಲ ಹೇಳಿದೆ, ಅವತ್ತು ಮುಚ್ಚಿಟ್ಟ ಮಾತನ್ನೂ ಹೇಳಿದೆ. ಆ ಕಡೆ ಕಾರ್ಖಾನೆಯ ಲೇತ್ ಯಂತ್ರದ ಸದ್ದು ಕೇಳುತ್ತಿತ್ತು. ಆಕೆ ಬೈಯಲಿಲ್ಲ. "ಮುಂದಿನ ಸಲ ಅವತ್ತೇ ಹೇಳಿ," ಎಂದರು. ಆಮೇಲೆ, "ಎರಡು ವಾರ ಕೊಡಿ."

ಸಾಹೇಬರು ಒಪ್ಪಲಿಲ್ಲ. ವಸ್ತುವನ್ನು ಬದಲಿಸುವುದೆಂದರೆ ಅದು ಆವಿಷ್ಕಾರ, ಆವಿಷ್ಕಾರಕ್ಕೆ ಬೇರೆ ಯೋಜನೆ, ಅದಕ್ಕೆ ನವೆಂಬರಿನಲ್ಲಿ ಅರ್ಜಿ. "ನಿಯಮ ಹೀಗಿದೆ, ಮೇಬಲ್. ನಾನೇನು ಮಾಡಲಿ?"

ನಿಯಮಾವಳಿ ನೂರ ಹದಿನೆಂಟು ಪುಟ. ಮೂರು ಸಲ ಟೈಪ್ ಮಾಡಿದ್ದೇನೆ, ಒಮ್ಮೆಯೂ ಓದಿರಲಿಲ್ಲ. ಊಟದ ಬಿಡುವಿನಲ್ಲಿ ಓದಲು ಕೂತೆ. ನಲವತ್ತೊಂದನೇ ಕಲಮಿನಲ್ಲಿ, ಪ್ರಯೋಗದ ವೇಳೆ ಮಾದರಿಗಳು ಕೆಟ್ಟರೆ ಬದಲಿ ಮಾದರಿಗಳನ್ನು ತಯಾರಿಸಿ ಕಳಿಸುವ ವೆಚ್ಚವನ್ನು ಕಚೇರಿ ಕೊಡಬಹುದು ಎಂದಿದೆ. ಬದಲಿ ಮಾದರಿಯು ಹಳೆಯದರ ತದ್ರೂಪವೇ ಆಗಿರಬೇಕು ಎಂದು ಎಲ್ಲೂ ಹೇಳಿಲ್ಲ.

ಪುಟ ತೆರೆದು ಅವರ ಮುಂದಿಟ್ಟೆ. ಬಹಳ ಹೊತ್ತು ಓದಿದರು. "ಇದು ಇಲ್ಲಿತ್ತೇ?" ಎಂದರು. ಆರು ವರ್ಷದಿಂದ ಇದೆ, ಸರ್, ಎಂದೆ. ಸಹಿ ಹಾಕಿದರು. ಬ್ರಸೆಲ್ಸಿನಲ್ಲಿ ಈ ಕಲಮನ್ನು ಬರೆದ ಯಾರೋ ಒಬ್ಬರಿಗೆ ತಿಳುವಳಿಕೆ ಇದೆ. ಪುಣ್ಯಾತ್ಮರು ಯಾರೋ ಏನೋ, ಒಂದು ಸಾಲು ಬರೆದು ಮರೆತಿರಬೇಕು.

ಮೇ 9, ಗುರುವಾರ

ಹದಿನೇಳನೇ ದಿನಕ್ಕೆ ಪೆಟ್ಟಿಗೆ ಬಂತು. ಲುರ್ಡೆಸ್ ಅವರ ಮಾವ, ಎಪ್ಪತ್ತೊಂದು ವರ್ಷದವರು, ಬ್ರೆಂಡಾಳ ಚಿತ್ರವನ್ನು ಲೇತಿನ ಪಕ್ಕ ಅಂಟಿಸಿಕೊಂಡು ಕೆಲಸ ಮಾಡಿದರಂತೆ. ಚಿತ್ರ ಬರೆದ ಎಂಜಿನಿಯರಿಗೆ ನಮಸ್ಕಾರ ತಿಳಿಸಿದ್ದಾರೆ. ಎಂಜಿನಿಯರು ಅದನ್ನು ಕೇಳಿ, ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಒಳಗಿನಿಂದ ನಕ್ಕಳು.

ಮೇ 14, ಮಂಗಳವಾರ

ಧೂಳಿನ ಗಾಳಿ. ದಾರಿ ಕಾಣದೆ ಸೈದು ಎರಡು ಸಲ ಕಾರು ನಿಲ್ಲಿಸಿದ. "ಬಾಯಮ್ಮ, ಇವತ್ತೇ ಆಗ್ಬೇಕಾ?" ಇವತ್ತೇ ಆಗಬೇಕು, ಜೂನ್ ಹತ್ತಿರ ಬಂತು ಎಂದೆ. ಅಬು ಫಹದ್ ಇನ್ನೊಂದೇ ಒಂದು ಸಾಲು ಕೊಟ್ಟಿದ್ದಾರೆ, ಅದೂ ರಾಯಪ್ಪ ತಮ್ಮ ಮಾತಿನ ಮೇಲೆ ಕೇಳಿಕೊಂಡಿದ್ದಕ್ಕೆ. ಈ ಸಾಲೂ ಬಾಡಿದರೆ ರಾಯಪ್ಪನವರ ಮರ್ಯಾದೆಯೂ ಹೋಗುತ್ತದೆ. ಅವರು ಏಣಿ ಹತ್ತಿ, ಕೈಗವಸು ಹಾಕಿದ ಎರಡೇ ಬೆರಳಿನಲ್ಲಿ ಮುಚ್ಚಳ ತಿರುಗಿಸಿ, ಜಾಲರಿಯನ್ನು ಅಂಗೈಗೆ ಉದುರಿಸಿಕೊಂಡರು. ಮತ್ತೆ ಹಾಕಿದರು. ಮತ್ತೆ ತೆಗೆದರು. ನಾಲ್ಕೈದು ಸಲ ಹಾಗೇ ಮಾಡಿದರು.

"ಅಕ್ಕಾರ, ನಾ ಹೇಳಿದ್ದನ್ನ ಹೇಳಿದಂಗ ಮಾಡ್ಯಾರ."

ಅಷ್ಟೇ ಹೇಳಿದ್ದು. ಮುಖ ಆ ಕಡೆ ತಿರುಗಿಸಿಕೊಂಡು ಹೇಳಿದರು.

ಮೇ 30, ಗುರುವಾರ

ನಲವತ್ತಾರು ಡಿಗ್ರಿ. ನಲವತ್ತಕ್ಕೆ ನಲವತ್ತೂ ನಡೆಯುತ್ತಿವೆ. ರಾಯಪ್ಪ ವಾರಕ್ಕೆರಡು ಸಲ ತೊಳೆಯುತ್ತಾರೆ, ಒಂದು ಸಾಲಿಗೆ ಹತ್ತು ನಿಮಿಷ. ಜಾಲರಿ ನೆನೆಸಿ ನೆನೆಸಿ ನಮ್ಮ ಶಿರ್ಕೊ ಖಾಲಿಯಾಗಿದೆ. ಕೊನ್ರಾಡ್ ಅದನ್ನು ತ್ಯಾಗವೆಂದು ಎಲ್ಲರಿಗೂ ಹೇಳುತ್ತಾನೆ.

ಜೂನ್ 11, ಮಂಗಳವಾರ

ಗಾಬರಿಯಾಗಿದೆ. ಹಳೆಯ ನಾಝಲಿನ ದೊಡ್ಡ ಕಂಪನಿಯವರಿಗೆ ಸುದ್ದಿ ಹೋಗಿದೆ. ಹದಿನಾಲ್ಕೂ ಹಸಿರುಮನೆಗಳಿಗೆ ಒಂದು ವರ್ಷ ಪುಕ್ಕಟೆ ಕೊಡುತ್ತೇವೆಂದು ಅವರ ಏಜೆಂಟ್ ತೋಟಕ್ಕೇ ಬಂದಿದ್ದನಂತೆ. ಪುಕ್ಕಟೆಯ ಜೊತೆ ಯಾರು ಸ್ಪರ್ಧಿಸುವುದು? ಸಾಹೇಬರು ಸ್ಪರ್ಧಾಶಕ್ತಿಯ ಬಗ್ಗೆ ಒಂದು ವಾರ ಮಾತಾಡಬಲ್ಲರು, ಇದಕ್ಕೆ ಮಾತ್ರ ಭುಜ ಹಾರಿಸಿದರು.

ಲುರ್ಡೆಸ್ ಅವರಿಗೆ ಫೋನು ಮಾಡಿದೆ. "ಪುಕ್ಕಟೆ ಕೊಡಲು ನನ್ನಿಂದ ಆಗುವುದಿಲ್ಲ, ಮೇಬಲ್. ಹೇಳಿದ ಹಾಗೆ ಮಾಡಿಕೊಡಲು ಆಗುತ್ತದೆ. ಇನ್ನೇನಾದರೂ ಬದಲಿಸಬೇಕಿದ್ದರೆ ಕೇಳಿ." ಅದನ್ನೇ ರಾಯಪ್ಪನವರಿಗೆ ಹೇಳಿದೆ, ಅದನ್ನೇ ಅವರು ಮುದುಕರಿಗೆ ಹೇಳಿದ್ದಾರೆ. ಇನ್ನು ಮಾಡಲು ಏನೂ ಇಲ್ಲ.

ಬ್ರೆಂಡಾ ಪರೀಕ್ಷೆಗೆ ಓದುತ್ತಿದ್ದಾಳೆ. ಮುಂದಿನ ವರ್ಷ ಅವಳು ಎಲ್ಲಿ ಓದುತ್ತಾಳೋ ನನಗೆ ಗೊತ್ತಿಲ್ಲ.

ಜೂನ್ 17, ಸೋಮವಾರ

ಅಬು ಫಹದ್ ಹದಿನಾಲ್ಕೂ ಮನೆಗಳಿಗೆ ಲುರ್ಡೆಸ್ ಅವರ ನಾಝಲುಗಳನ್ನು ಕೇಳಿದ್ದಾರೆ. ಸ್ವತಃ ಆಫೀಸಿಗೆ ಬಂದು, ಸಾಹೇಬರ ಕೋಣೆಯಲ್ಲಿ ಚಹಾ ಕುಡಿದು, ಒಂದು ಪೆಟ್ಟಿಗೆ ಮುಳ್ಳುಸೌತೆಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದರು. ಪುಕ್ಕಟೆ ಬೇಡವೇ ಎಂದು ಸಾಹೇಬರು ಕೇಳಿಯೇಬಿಟ್ಟರು. ಮುದುಕರು ಹಿಂದಿಯಲ್ಲಿ ಹೇಳಿದರು, ಪುಕ್ಕಟೆ ಕೊಡುತ್ತೇನೆ ಎನ್ನುವವನು, ಹಿಂದೆ ಅವನ ನಾಝಲು ಕಟ್ಟಿಕೊಂಡು ನನ್ನ ಸಸಿ ಬಾಡಿದಾಗ ಫೋನು ಎತ್ತಲಿಲ್ಲ.

ಸಂತೋಷಕ್ಕೆ ಸಾಹೇಬರು ನನ್ನ ಕೈ ಎರಡು ಸಲ ಕುಲುಕಿದರು.

ಜೂನ್ 19, ಬುಧವಾರ

ಬ್ರಸೆಲ್ಸಿಗೆ ಕಳಿಸುವ ವರದಿಯನ್ನು ಸಾಹೇಬರು ಬರೆದುಕೊಟ್ಟರು. ನಾಲ್ಕನೇ ಪುಟದಲ್ಲಿ, "ಕಚೇರಿಯ ತಜ್ಞರು ಸ್ಥಳೀಯ ಪರಿಸ್ಥಿತಿಯನ್ನು ಅಧ್ಯಯನ ಮಾಡಿ ಹೊಸ ವಿನ್ಯಾಸವನ್ನು ಸೂಚಿಸಿದರು," ಎಂದಿತ್ತು. ಅಲ್ಲಿಯವರೆಗೆ ಟೈಪ್ ಮಾಡಿ ನಿಲ್ಲಿಸಿದೆ. ಕಾಗದ ಹಿಡಿದುಕೊಂಡು ಒಳಗೆ ಹೋದೆ.

"ಸರ್, ಕಚೇರಿಯ ತಜ್ಞರು ಯಾರು?"

"ಅದೊಂದು ಮಾತಿನ ರೀತಿ, ಮೇಬಲ್."

"ವಿನ್ಯಾಸ ಹೇಳಿದವರು ರಾಯಪ್ಪ. ಅವರ ಹೆಸರಿರಲಿ."

"ಒಬ್ಬ ಪಂಪ್ ಆಪರೇಟರ್ ಯುರೋಪಿನ ಕಾರ್ಖಾನೆಗೆ ವಿನ್ಯಾಸ ಮಾಡಿಕೊಟ್ಟ ಎಂದು ಹೇಗೆ ಬರೆಯುವುದು? ನಮೂನೆಯಲ್ಲಿ ಅದಕ್ಕೆ ಜಾಗವೇ ಇಲ್ಲ."

"ಹಾಗಾದರೆ ಈ ಸಾಲನ್ನು ನಾನು ಟೈಪ್ ಮಾಡುವುದಿಲ್ಲ, ಸರ್."

ಹೇಳಿ ಬಂದು ಕೂತೆ. ಡ್ರಾಯರಿನ ಪೆನ್ನುಗಳನ್ನೆಲ್ಲ ಹೊರಗೆ ಹಾಕಿ ಮತ್ತೆ ಜೋಡಿಸಿದೆ. ಅವರು ತಾವೇ ಟೈಪ್ ಮಾಡಲು ಹೋದರು. ಅರ್ಧ ಗಂಟೆಯ ಮೇಲೆ ಬಂದು, ರಾಯಪ್ಪ ಎಂಬುದರ ಸ್ಪೆಲ್ಲಿಂಗ್ ಏನು ಎಂದು ಕೇಳಿದರು. ಬರೆದುಕೊಟ್ಟೆ.

ರಾಯಪ್ಪನವರಿಗೆ ಫೋನಿನಲ್ಲಿ ಹೇಳಿದಾಗ ಅವರಿಗೆ ಅಂಥ ಸಂಭ್ರಮವೇನೂ ಆಗಲಿಲ್ಲ. "ಹೆಸರು ಇರ್ಲಿ ಬಿಡ್ರಿ ಅಕ್ಕಾರ, ಅದನ್ನೇನ ಮಾಡ್ಲಿ. ಹೆಚ್ಚಿಗಿ ಒಂದ ಸಾವಿರ ವಾಶರ್ ಕಳಸಾಕ ಹೇಳ್ರಿ." ಆಮೇಲೆ ಸ್ವಲ್ಪ ತಡೆದು, "ಆ ವರದಿದು ಒಂದ ಕಾಪಿ ಸಿಗತೈತೇನ್ರಿ? ಊರಿಗೆ, ನೀಲಕ್ಕಗ ಕಳಸಾಕ," ಎಂದರು. ನೀಲಕ್ಕ ಅವರ ಹೆಂಡತಿ. ಹನ್ನೆರಡು ವರ್ಷದಿಂದ ಗಂಡ ಮರುಭೂಮಿಯಲ್ಲಿ ಏನು ಮಾಡುತ್ತಾರೆಂದು ಆಕೆಗೆ ಸರಿಯಾಗಿ ತಿಳಿದಿಲ್ಲವಂತೆ.

ಜೂನ್ 25, ಮಂಗಳವಾರ

ಪರಿಶೀಲನೆ. ಬ್ರಸೆಲ್ಸಿನ ಮೂವರು ಪರದೆಯ ಮೇಲೆ ಬಂದರು. ಸಾಹೇಬರು ಐವತ್ತೆರಡು ಸ್ಲೈಡು ತೋರಿಸಿದರು. ಕೊನೆಗೆ ನಡುವಿನಲ್ಲಿ ಕೂತಿದ್ದ ಮಹಿಳೆ, ವರದಿಯಲ್ಲಿರುವ ಈ ರಾಯಪ್ಪ ಎಂಬವರೊಡನೆ ಮಾತಾಡಬಹುದೇ ಎಂದು ಕೇಳಿದರು. ಸಾಹೇಬರು ನನ್ನ ಮುಖ ನೋಡಿದರು. ನಾನು ಫೋನು ಹಚ್ಚಿ, ಸ್ಪೀಕರ್ ಹಾಕಿ, ಸಾಹೇಬರ ಪಕ್ಕದ ಕುರ್ಚಿಯಲ್ಲಿ ಕೂತು ಅನುವಾದ ಮಾಡಿದೆ. ಹಿಂದಿನಿಂದ ಪಂಪಿನ ಸದ್ದು ಕೇಳುತ್ತಿತ್ತು.

ದೊಡ್ಡ ಕಂಪನಿಯನ್ನು ಬಿಟ್ಟು ಇಷ್ಟು ಸಣ್ಣ ಕಾರ್ಖಾನೆಯ ಮಾಲನ್ನು ಯಾಕೆ ಒಪ್ಪಿದಿರಿ ಎಂಬುದು ಅವರ ಪ್ರಶ್ನೆ. ಬೆಲೆಯೋ, ಗುಣಮಟ್ಟವೋ, ಮಾರಾಟದ ನಂತರದ ಸೇವೆಯೋ?

"ನಮ್ಮ ಅಕ್ಕಾರು ಫೋನ್ ಹಚ್ಚಿದ್ರ ಆ ಮಾಲಕೀನ ಎತ್ತಿದ್ಲ್ರಿ," ಎಂದರು ರಾಯಪ್ಪ. "ಕೇಳಿದ್ಲು. ಕೇಳಿದಂಗ ಮಾಡಿದ್ಲು. ಮತ್ತೇನ ಬೇಕ್ರಿ?"

ಅನುವಾದ ಮಾಡಿದೆ. ಬಲಗಡೆ ಕೂತಿದ್ದವರು, ಇದನ್ನು ಯಾವ ಶೀರ್ಷಿಕೆಯ ಕೆಳಗೆ ಬರೆದುಕೊಳ್ಳಲಿ ಎಂದು ಕೇಳಿದರು. ಅದಕ್ಕೊಂದು ಹೊಸ ಶೀರ್ಷಿಕೆ ಮಾಡಿಕೊಳ್ಳಿ ಎಂದೆ. ಅದೂ ಅನುವಾದ ಎಂದು ಅವರು ತಿಳಿದುಕೊಂಡರು.

ಜುಲೈ 4, ಗುರುವಾರ

ಕಚೇರಿಗೆ ಇನ್ನೂ ಮೂರು ವರ್ಷ. ಕೊನ್ರಾಡ್ ಪಾಯಸ ಮಾಡಿದ, ತಳ ಹಿಡಿಯಿತು, ತಿಂದೆವು.

ಡೆವೋಸ್ ಸಾಹೇಬರನ್ನು ಬ್ರಸೆಲ್ಸಿಗೆ ಕರೆಸಿಕೊಂಡಿದ್ದಾರೆ. ತಳಮಟ್ಟದ ಅನುಭವದ ಬಗ್ಗೆ ಬೇರೆ ಕಚೇರಿಗಳಿಗೆ ಅವರು ತರಬೇತಿ ಕೊಡಬೇಕಂತೆ. ವಫ್ರಾ ಯಾವ ದಿಕ್ಕಿಗಿದೆ ಎಂದು ನನ್ನ ಬಳಿ ಕೇಳಿ ತಿಳಿದುಕೊಂಡರು. ಪಾಪ, ಹೋಗಿ ಬರಲಿ.

ಸೆಪ್ಟೆಂಬರ್ 3, ಮಂಗಳವಾರ

ಎರಡು ತಿಂಗಳಿನಿಂದ ಇಲ್ಲಿ ಏನೂ ಬರೆಯಲಾಗಿಲ್ಲ, ಬಿಡುವೇ ಇಲ್ಲ. 'ಗೊತ್ತಿಲ್ಲ' ಎಂದು ಬರೆದ ಕಾರಣಕ್ಕೆ ಅಂಕ ಕಳೆದುಕೊಂಡ ಹಳೆಯ ಅರ್ಜಿಗಳನ್ನೆಲ್ಲ ಹೊರತೆಗೆದು ಓದುತ್ತಿದ್ದೇನೆ. ಗ್ರೀಸಿನ ಒಬ್ಬರು ಒಳಗೆ ಮರಳು ಬರದಂಥ ಬಾಗಿಲಿನ ರಬ್ಬರು ಮಾಡುತ್ತಾರೆ. ಇಲ್ಲಿನ ಅರ್ದಿಯಾದ ಗೋದಾಮುಗಳಿಗೆ ಸೈದುವಿನ ಜೊತೆ ಹೋಗಿ ಅಳತೆ ತಂದೆ. ವಫ್ರಾದಲ್ಲಿ ಇನ್ನೂ ಮೂರು ತೋಟದವರು ನಾಝಲು ಕೇಳುತ್ತಿದ್ದಾರೆ. ಯಾವ ಬಾವಿಯ ನೀರಿಗೆ ಯಾವ ಜಾಲರಿ ಎಂದು ರಾಯಪ್ಪ ಹೇಳುತ್ತಾರೆ, ನಾನು ಲುರ್ಡೆಸ್ ಅವರಿಗೆ ಬರೆಯುತ್ತೇನೆ. ಅವರು ಇಬ್ಬರು ಹೊಸ ಕೆಲಸಗಾರರನ್ನು ತೆಗೆದುಕೊಂಡಿದ್ದಾರೆ, ಇಬ್ಬರೂ ಸಂಬಂಧಿಕರಲ್ಲ ಎಂದು ಒತ್ತಿ ಹೇಳಿದ್ದಾರೆ.

ಹೊಸ ನಿರ್ದೇಶಕಿ ಇವತ್ತು ಬಂದರು. ಹಂಗೇರಿಯವರು, ಮೂವತ್ತೈದು ವಯಸ್ಸಿರಬಹುದು, ಚುರುಕಾಗಿದ್ದಾರೆ. ಬಂದವರೇ ನನ್ನ ಮೇಜಿನ ಮುಂದೆ ನಿಂತು, ಇಲ್ಲಿ ತೀರ್ಮಾನಗಳನ್ನು ತೆಗೆದುಕೊಳ್ಳುವ ಪದ್ಧತಿ ಹೇಗೆ ಎಂದು ಕೇಳಿದರು. ಅಷ್ಟರಲ್ಲಿ ವಫ್ರಾದಿಂದ ಫೋನು ಬಂತು. ಕೂತುಕೊಳ್ಳಿ, ಹತ್ತು ನಿಮಿಷದಲ್ಲಿ ಬಂದೆ ಎಂದು ಹೇಳಿ ಒಳಗಿನ ಕೋಣೆಗೆ ಹೋದೆ. ಮಾತು ಮುಗಿಯುವಾಗ ಮುಕ್ಕಾಲು ಗಂಟೆ ಆಗಿತ್ತು. ಹೊರಗೆ ಬಂದು ನೋಡಿದರೆ ಆಕೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಇನ್ನೂ ನನ್ನ ಉತ್ತರಕ್ಕೆ ಕಾಯುತ್ತ, ನನ್ನ ಮೇಜಿನೆದುರಿನ ಕುರ್ಚಿಯಲ್ಲೇ ಕೂತಿದ್ದರು. ಏನಾದರೂ ತಿಂದು ಬಂದಿದ್ದರೋ ಇಲ್ಲವೋ. ಒಂದು ಮುಳ್ಳುಸೌತೆ ಹೆಚ್ಚಿ ಕೊಟ್ಟು, ನಿಮ್ಮ ಕೋಣೆ ಆ ಕಡೆ ಇದೆ ಎಂದು ತೋರಿಸಿದೆ.